ಕಾಲಿಟ್ಟರೆ ಕುಗ್ಗುವ ದೋಣಿಯ ನೆಲ: ಹುಡುಕಿ, ಬಿಚ್ಚಿ, ಮತ್ತೆ ಕಟ್ಟಿದ ಬಗೆ

ಚಾಲಕನ ಸೀಟಿನ ಮುಂದೆ, ಎಡಗಾಲು ಊರುವ ಜಾಗದಲ್ಲಿ ನೆಲ ಮೆತ್ತಗಾಗಿತ್ತು. ನಿಂತರೆ ಒಂದಿಷ್ಟು ಕುಗ್ಗುತ್ತಿತ್ತು, ಕಾಲೆತ್ತಿದರೆ ಮೇಲೆ ಬರುತ್ತಿತ್ತು. ಮೇಲಿನ ಫೈಬರ್ ಪದರದಲ್ಲಿ ಬಿರುಕಿಲ್ಲ, ಬಣ್ಣ ಎದ್ದಿಲ್ಲ, ನೀರು ಜಿನುಗಿದ ಗುರುತೂ ಇಲ್ಲ. ಸುಮಾರು 5 ಮೀಟರ್ ಉದ್ದದ, ಹಿಂದೆ ಔಟ್‌ಬೋರ್ಡ್ ಎಂಜಿನ್ ತೂಗುಹಾಕಿದ ಫೈಬರ್ ದೋಣಿ. ಕಾಲಿಗೆ ಮೆತ್ತಗೆ ಸಿಕ್ಕಿದ್ದು ಎರಡು ಅಂಗೈ ಅಗಲ. ಕೊನೆಗೆ ಕತ್ತರಿಸಿ ತೆಗೆದದ್ದು 900 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಹಲಗೆ. ಈ ಕೆಲಸದಲ್ಲಿ ಇದು ಮಾಮೂಲಿ. ಕಾಲಿಗೆ ಸಿಗುವುದು ಕೊಳೆತದ್ದರ ನಡುಭಾಗ ಮಾತ್ರ, ನೀರು ಒಳಗಿಳಿದ ತೂತು ಬಹುತೇಕ ಬೇರೆಲ್ಲೋ ಇರುತ್ತದೆ. ಅದನ್ನು ಹುಡುಕದೆ ಹಲಗೆ ಬದಲಿಸಿದರೆ ಹೊಸ ಹಲಗೆಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇಂಥ ದೋಣಿಯ ನೆಲ ಒಂದೇ ತುಂಡಲ್ಲ. ಹೊರಗಿನ ಒಡಲು ಫೈಬರಿನದು. ಅದರೊಳಗೆ ಮುಂದಿನಿಂದ ಹಿಂದಕ್ಕೆ ಎರಡೋ ನಾಲ್ಕೋ ತೊಲೆಗಳು ಓಡುತ್ತವೆ. ಇವಕ್ಕೆ ಸ್ಟ್ರಿಂಗರ್ ಎನ್ನುತ್ತಾರೆ. ಒಳಗೆ ಮರ, ಹೊರಗೆ ಫೈಬರ್ ಹೊದಿಕೆ. ಅವುಗಳ ಮೇಲೆ 12 ಅಥವಾ 18 ಮಿ.ಮೀ. ಪ್ಲೈವುಡ್, ಅದರ ಮೇಲೆ ಒಂದೆರಡು ಪದರ ಫೈಬರ್ ಮ್ಯಾಟ್. ಸ್ಟ್ರಿಂಗರುಗಳ ನಡುವಿನ ಪೊಳ್ಳು ಜಾಗದಲ್ಲಿ ತೇಲಿಸುವ ಫೋಮ್. ಹಳೆಯ ದೋಣಿಗಳಲ್ಲಿ ಪ್ಲೈವುಡ್ಡಿನ ಕೆಳಮೈಗೆ ಒಂದು ಕೈ ರೆಸಿನ್ (ಬಳಿದ ಮೇಲೆ ಗಟ್ಟಿಯಾಗುವ ದ್ರವ) ಬಳಿದು ಬಿಟ್ಟಿರುವುದೇ ಹೆಚ್ಚು. ಎಷ್ಟೋ ಕಡೆ ಅದೂ ಇರುವುದಿಲ್ಲ. ಮೇಲಿನಿಂದ ನೋಡಿದರೆ ಸೀಲ್ ಆದಂತೆ ಕಾಣುವ ನೆಲ, ಕೆಳಗಿನಿಂದ ಬರಿಮೈ.

ಮರ ಕೊಳೆಯುವುದು ಶಿಲೀಂಧ್ರದಿಂದ, ನೀರಿನಿಂದಲ್ಲ. ಮರದಲ್ಲಿ ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಅದು ಬೆಳೆಯುವುದಿಲ್ಲ, ಶೇ. 30ರ ಹತ್ತಿರ ಹೋದರೆ ಹಬ್ಬುತ್ತದೆ. ಅದಕ್ಕೆ ಗಾಳಿಯೂ ಬೇಕು. ಪೂರ್ತಿ ಮುಳುಗಿದ ಮರ ವರ್ಷಾನುಗಟ್ಟಲೆ ಉಳಿಯುತ್ತದೆ, ಅರೆಬರೆ ಒದ್ದೆಯಾಗಿ ಬೆಚ್ಚಗೆ ಮುಚ್ಚಿಟ್ಟ ಪ್ಲೈವುಡ್ ಕೆಲವೇ ವರ್ಷಗಳಲ್ಲಿ ಕುಂಬಾಗುತ್ತದೆ. ಇನ್ನೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ: ನೆಲ ಕೊಳೆಸುವುದರಲ್ಲಿ ಸಮುದ್ರದ ಉಪ್ಪುನೀರಿಗಿಂತ ಮಳೆನೀರೇ ಮುಂದು. ದಡದಲ್ಲಿ ಟಾರ್ಪಾಲಿನ್ ಹರಿದುಕೊಂಡು ನಿಂತ ದೋಣಿ, ದಿನಾ ನೀರಿಗಿಳಿಯುವ ದೋಣಿಗಿಂತ ಬೇಗ ಕೆಡುತ್ತದೆ. ನೆಲಕ್ಕೆ ಕಾರ್ಪೆಟ್ ಅಂಟಿಸಿದ್ದರಂತೂ ಕೇಳುವುದೇ ಬೇಡ, ಅದು ಸ್ಪಂಜಿನ ಹಾಗೆ ವಾರಗಟ್ಟಲೆ ತೇವ ಹಿಡಿದಿಡುತ್ತದೆ.

ಪರೀಕ್ಷೆ ಶುರುವಾಗುವುದು ಬರಿಗಾಲಿನಿಂದ. ಚಪ್ಪಲಿ ಹಾಕಿ ನಡೆದರೆ ಸಣ್ಣ ಕುಸಿತ ಗೊತ್ತಾಗುವುದಿಲ್ಲ. ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಗೇಣು ಗೇಣಿಗೆ ಒತ್ತಿ, ಕುಗ್ಗಿದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿದೆವು. ಆಮೇಲೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಬಡಿಯುತ್ತ ಹೋಗುವುದು. ಗಟ್ಟಿ ನೆಲ ‘ಟಕ್’ ಎಂದು ಚುರುಕಾಗಿ ಸದ್ದು ಮಾಡುತ್ತದೆ, ಕೊಳೆತದ್ದು ‘ಬೊದ್’ ಎಂದು ಸತ್ತ ಸದ್ದು ಕೊಡುತ್ತದೆ. ಫೋಮ್ ಇರುವ ಜಾಗ, ಸ್ಟ್ರಿಂಗರ್ ಇರುವ ಜಾಗ, ಖಾಲಿ ಜಾಗ ಮೂರರ ಸದ್ದೂ ಬೇರೆ ಬೇರೆ. ಹಾಗಾಗಿ ಮೊದಲು ಚೆನ್ನಾಗಿರುವ ಬಲಬದಿಯಲ್ಲಿ ಬಡಿದು ಕಿವಿ ಹೊಂದಿಸಿಕೊಂಡು, ಆಮೇಲೆ ಎಡಬದಿಯ ಅದೇ ಜಾಗಕ್ಕೆ ಹೋಲಿಸಬೇಕು. ಸದ್ದಿನ ಗುರುತು ಕಾಲಿನ ಗುರುತಿಗಿಂತ ಎರಡು ಪಟ್ಟು ದೊಡ್ಡದಾಗಿ ಬಂತು.

ತೇವ ಅಳೆಯುವ ಮೀಟರನ್ನು ಅರ್ಧ ಮಾತ್ರ ನಂಬಬೇಕು. ಮೈಮೇಲೆ ಇಟ್ಟು ಅಳೆಯುವ, ಪಿನ್ ಇಲ್ಲದ ಮೀಟರ್ ಲೋಹಕ್ಕೂ ಕೆಳಗಿನ ಒದ್ದೆ ಫೋಮಿಗೂ ಮೋಸಹೋಗುತ್ತದೆ. ನೆಲದಡಿ ಪೆಟ್ರೋಲ್ ಟ್ಯಾಂಕ್ ಇದ್ದರೆ ಮುಳ್ಳು ತುದಿಗೇ ಹೋಗುತ್ತದೆ. ಅದು ತೋರಿಸುವ ಅಂಕಿಗಿಂತ ಒಂದು ಜಾಗಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಮುಖ್ಯ. ನಿಜವಾದ ಅಂಕಿ ಬೇಕಾದರೆ ತೂತು ಕೊರೆದು ಪಿನ್ ಮೀಟರನ್ನು ಮರಕ್ಕೇ ಚುಚ್ಚಬೇಕು.

ಕೊರೆಯಲು 6 ಮಿ.ಮೀ. ಬಿಟ್ ಸಾಕು. ಬಿಟ್ಟಿನ ತುದಿಯಿಂದ 14 ಮಿ.ಮೀ. ದೂರಕ್ಕೆ ಟೇಪ್ ಸುತ್ತಿಕೊಳ್ಳಬೇಕು. ಟೇಪ್ ಮೈಗೆ ತಾಗಿತೆಂದರೆ ನಿಲ್ಲಿಸಬೇಕು. ನೆಲದಡಿ ಏನಿದೆಯೆಂದು ಗೊತ್ತಿಲ್ಲದೆ ಕೊರೆದು ಸ್ಟೇರಿಂಗ್ ಕೇಬಲ್ ಸೀಳಿದವರಿದ್ದಾರೆ, ಒಡಲಿಗೇ ತೂತು ಮಾಡಿದವರೂ ಇದ್ದಾರೆ. ನಿಧಾನಗತಿಯಲ್ಲಿ ಕೊರೆದು, ಹೊರಬಂದ ಹೊಟ್ಟನ್ನು ಬಿಳಿ ಕಾಗದದ ಮೇಲೆ ಬೀಳಿಸಿಕೊಳ್ಳಬೇಕು. ಒಳ್ಳೆಯ ಮರದ ಹೊಟ್ಟು ತೆಳು ಬಣ್ಣದ್ದು, ಸುರುಳಿ ಸುರುಳಿ, ಬೆರಳಲ್ಲಿ ಹೊಸಕಿದರೆ ಗರಿಗರಿ. ಕೆಟ್ಟದ್ದು ಕಂದು ಬಣ್ಣದ ಹಿಟ್ಟಿನಂತೆ ಬಂದು ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ. ಹಿಂಡಿದರೆ ಕಾಗದ ಒದ್ದೆಯಾಗುತ್ತದೆ, ಹಳೆಯ ಬಾವಿಕಟ್ಟೆಯ ಪಾಚಿಯ ವಾಸನೆ. ಮೆತ್ತಗಿನ ಜಾಗದ ನಡುವಿನಿಂದ ಶುರುಮಾಡಿ ನಾಲ್ಕೂ ದಿಕ್ಕಿಗೆ 150 ಮಿ.ಮೀ. ಅಂತರದಲ್ಲಿ ಕೊರೆಯುತ್ತ ಹೋದೆವು. ಒಟ್ಟು 14 ತೂತು. ಹಿಂದಿನ ಕಡೆಯ ಮೂರನೇ ತೂತಿನಲ್ಲೂ ಹೊಟ್ಟು ಕಂದಾಗಿಯೇ ಬಂತು, ಕಾಲಿಗೆ ಮಾತ್ರ ಅಲ್ಲಿ ನೆಲ ಕಲ್ಲಿನಂತಿತ್ತು. ಒಣ ಹೊಟ್ಟು ಸಿಕ್ಕ ಮೇಲೆ ಇನ್ನೊಂದು 100 ಮಿ.ಮೀ. ಆಚೆ ಗೆರೆ ಎಳೆದರೆ ಅದೇ ಕತ್ತರಿಸುವ ಗಡಿ.

ಮೆತ್ತಗಿರುವುದೆಲ್ಲ ಕೊಳೆತದ್ದೇ ಆಗಿರಬೇಕಿಲ್ಲ. ಕೊರೆದ ಹೊಟ್ಟು ಒಣಗಿದ್ದು, ನೆಲ ಮಾತ್ರ ಕುಗ್ಗುತ್ತಿದ್ದರೆ ಮೇಲಿನ ಫೈಬರ್ ಪದರ ಪ್ಲೈವುಡ್ಡಿನಿಂದ ಬಿಟ್ಟಿರಬಹುದು; ಒತ್ತಿದಾಗ ಚಟಚಟ ಸದ್ದು ಬರುವುದು ಅದರ ಲಕ್ಷಣ. ಉದ್ದಕ್ಕೆ ಒಂದೇ ಗೆರೆಯಲ್ಲಿ ನೆಲ ಏರಿಳಿದು ಕಿರುಗುಟ್ಟಿದರೆ ನೆಲಕ್ಕೂ ಸ್ಟ್ರಿಂಗರಿಗೂ ನಡುವಿನ ಅಂಟು ಬಿಟ್ಟಿದೆ ಎಂದರ್ಥ. ಅಡ್ಡಕ್ಕೂ ಉದ್ದಕ್ಕೂ ವಿಶಾಲವಾಗಿ ತೂಗಿದರೆ ಸ್ಟ್ರಿಂಗರೇ ಸತ್ತಿರಬಹುದು. ಅದಕ್ಕಾಗಿ ತಳದ ನೀರು ಬಂದು ಸೇರುವ ಹಿಂಭಾಗದ ಗುಂಡಿಯೊಳಗೆ ಕೈಹಾಕಿ ಸ್ಟ್ರಿಂಗರಿನ ಪಕ್ಕಕ್ಕೆ, ತಳದಿಂದ 25 ಮಿ.ಮೀ. ಮೇಲೆ, ಒಂದು ಪರೀಕ್ಷೆಯ ತೂತು ಕೊರೆಯಲೇಬೇಕು. ನೀರು ನಿಲ್ಲುವುದು ಅಲ್ಲೇ. ಅಲ್ಲಿ ಕೊರೆದಾಗ ನೀರು ಸುರಿದರೆ ನೆಲದ ರಿಪೇರಿಯ ಮಾತು ಬಿಟ್ಟು ಇಡೀ ದೋಣಿಯ ಲೆಕ್ಕ ಹಾಕಬೇಕಾಗುತ್ತದೆ. ಎಂಜಿನ್ ತೂಗುವ ಹಿಂದಿನ ಹಲಗೆಯನ್ನೂ ಅದೇ ಹೊತ್ತಿಗೆ ಬಡಿದು ನೋಡುವುದು ಒಳ್ಳೆಯದು. ಇಲ್ಲಿ ಎರಡೂ ಒಣಗಿದ್ದವು.

ತೂತುಗಳಿಗೆ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ರೆಸಿನ್) ಸುರಿದು ಮುಚ್ಚಿಬಿಡುವ ಸುಲಭದ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಒದ್ದೆ ಮರ ರೆಸಿನ್ ಹೀರುವುದಿಲ್ಲ, ಹೀರುವ ಜಾಗದಲ್ಲಿ ಆಗಲೇ ನೀರಿದೆ. ಸುರಿದದ್ದು ತೂತಿನ ಸುತ್ತ ಒಂದು ಗೂಟದಂತೆ ಗಟ್ಟಿಯಾಗುತ್ತದೆ, ಗೂಟ ಗೂಟದ ನಡುವೆ ಕೊಳೆತ ಮರ ಹಾಗೇ ಉಳಿಯುತ್ತದೆ. ಒಂದೆರಡು ತಿಂಗಳು ಗಟ್ಟಿಯಾದಂತೆ ಅನಿಸುವುದೇ ಇದರ ಕೇಡು. ಮೇಲೆ ಇನ್ನೊಂದು ಪ್ಲೈವುಡ್ ಹೊಡೆದು ಮುಚ್ಚುವುದು ಅದಕ್ಕಿಂತ ಕೆಟ್ಟದ್ದು, ಕೊಳೆತದ್ದಕ್ಕೆ ಹೊಸ ಮುಚ್ಚಳ ಹಾಕಿ ಹೊಸ ಸ್ಕ್ರೂ ತೂತುಗಳನ್ನು ಕೊಟ್ಟಂತೆ.

ಕತ್ತರಿಸುವ ಮುನ್ನ ಬ್ಯಾಟರಿ ಹೊರಗೆ. ಪೆಟ್ರೋಲ್ ಟ್ಯಾಂಕ್ ಹೊತ್ತೊಯ್ಯುವಂಥದ್ದಾದರೆ ದೋಣಿಯಿಂದ ದೂರ. ನೆಲದಡಿ ಕೂತ ಟ್ಯಾಂಕಾದರೆ ಕಟರಿನ ಕಿಡಿಗೂ ಪೆಟ್ರೋಲ್ ಆವಿಗೂ ಆಗಿಬರುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಪೈಪ್ ಕಳಚಿ ಬಾಯಿ ಮುಚ್ಚಿ, ಒಳಗೆ ಗಾಳಿಯಾಡಿಸಿ, ವಾಸನೆ ಪೂರ್ತಿ ಹೋದ ಮೇಲೆಯೇ ಯಂತ್ರ ಹಚ್ಚಬೇಕು. ನೆಲದಡಿ ನೋಡಲೆಂದು ನೆಲದಲ್ಲೇ ಇಟ್ಟಿರುವ ತಪಾಸಣೆಯ ಮುಚ್ಚಳ ತೆಗೆದು, ಅಲ್ಲಿಂದ ಟಾರ್ಚ್ ಬಿಟ್ಟು ವೈರ್, ಕೇಬಲ್ ಹೋಗುವ ದಾರಿಯನ್ನು ನೆಲದ ಮೇಲೆ ಬಣ್ಣದ ಟೇಪಿನಿಂದ ಗುರುತಿಸಿಕೊಂಡೆವು. ದೋಣಿ ಟ್ರೈಲರಿನ ಮೇಲೆ ಎಲ್ಲ ಕಡೆಯೂ ಸಮವಾಗಿ ಆತುಕೊಂಡಿದೆಯೇ ಎಂದೂ ನೋಡಬೇಕು. ನೆಲ ತೆಗೆದ ಒಡಲು ಒಂದಿಷ್ಟು ಬಾಗಿದರೂ, ಬಾಗಿದ ಹಾಗೇ ಹೊಸ ನೆಲ ಕೂತುಬಿಡುತ್ತದೆ.

ಸರ್ಕ್ಯುಲರ್ ಸಾ ಬ್ಲೇಡಿನ ಆಳ 15 ಮಿ.ಮೀ.ಗೆ ಹೊಂದಿಸಿಕೊಂಡೆವು: 12 ಪ್ಲೈವುಡ್ಡಿಗೆ, 2 ಮೇಲಿನ ಫೈಬರಿಗೆ, 1 ದಾಟಲು. ಮೂಲೆಗಳಿಗೆ ಚಿಕ್ಕ ಅಲಗು ಅದುರುತ್ತ ಕೊಯ್ಯುವ ಮಲ್ಟಿಟೂಲ್. ಒಡಲಿಗೆ ತಾಗುವ ಅಂಚಿನಲ್ಲಿ 60 ಮಿ.ಮೀ. ಹಳೆಯ ನೆಲ ಉಳಿಸಿಕೊಂಡಿದ್ದು ಬೇಕೆಂದೇ. ಅಲ್ಲಿ ಮರ ಒಣಗಿತ್ತು, ಒಡಲಿನವರೆಗೂ ಕತ್ತರಿಸಿದರೆ ಆ ಕೂಡುಸಂದನ್ನು ಹೊಸದಾಗಿ ಕಟ್ಟುವ ಕೆಲಸ ತಲೆಮೇಲೆ ಬೀಳುತ್ತದೆ. ಬಲ ಅಂಚಿನ ಕೊಯ್ತ ಸ್ಟ್ರಿಂಗರಿನ ನಟ್ಟನಡುವೆ ಬರುವಂತೆ ನೋಡಿಕೊಂಡರೆ ಹಳೆಯ ಹಲಗೆಗೂ ಹೊಸದಕ್ಕೂ ಅದೇ ಆಸರೆ. ಫೈಬರ್ ಧೂಳಿಗೆ ಬಟ್ಟೆಯ ಮಾಸ್ಕ್ ಸಾಲದು, ಎನ್95 ಅಥವಾ ಅದಕ್ಕಿಂತ ಮೇಲಿನದು ಬೇಕು. ಪೂರ್ತಿ ತೋಳಿನ ಅಂಗಿ, ಮುಂಗೈಗೆ ಟೇಪ್. ಬೆವರಿನ ಜೊತೆ ಸೇರಿದ ಫೈಬರ್ ಚೂರು ಎರಡು ದಿನ ಕೆರೆಸುತ್ತದೆ, ಮೊದಲು ತಣ್ಣೀರಲ್ಲೇ ತೊಳೆಯಬೇಕು.

ಹಲಗೆ ಎತ್ತಿದಾಗ ಮೇಲಿನ ಫೈಬರ್ ಪದರ ಕಂಬಳಿಯಂತೆ ಒಂದೇ ತುಂಡಾಗಿ ಬಂತು. ಕೆಳಗಿದ್ದ ಪ್ಲೈವುಡ್ ಕೈಯಲ್ಲಿ ಪುಡಿಯಾಯಿತು. ಅದರಡಿಯ ಹಳದಿ ಫೋಮ್ ಒತ್ತಿದರೆ ನೀರು ಕಾರುತ್ತಿತ್ತು. ಫೋಮ್ ನೀರು ಕುಡಿಯುವುದಿಲ್ಲ ಎಂಬ ಮಾತು ಹೊಸದಿದ್ದಾಗ ನಿಜ. ವರ್ಷಗಟ್ಟಲೆ ನೀರಿನಲ್ಲಿ ಕೂತು, ದೋಣಿಯ ಕುಲುಕಾಟಕ್ಕೆ ಒಳಗಿನ ಗುಳ್ಳೆಗಳ ಗೋಡೆ ಒಡೆದ ಮೇಲೆ ಅದೂ ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಗರಗಸದ ಅಲಗಿನಿಂದ ಕೊಯ್ದು, ಸಲಿಕೆಯಿಂದ ಎಬ್ಬಿ, ಒಣ ಫೋಮ್ ಸಿಗುವವರೆಗೆ ತೆಗೆದೆವು. ಖಾಲಿಯಾದ ಜಾಗ 900 × 400 × 150 ಮಿ.ಮೀ., ಅಂದರೆ 54 ಲೀಟರ್.

ತೂತು ಸಿಕ್ಕಿದ್ದು ಹಲಗೆಯ ಕೆಳಮೈ ನೋಡಿದಾಗ. ಸೀಟಿನ ಕಾಲಿನ ನಾಲ್ಕು ಸ್ಕ್ರೂಗಳ ಸುತ್ತ ಮರ ಕಪ್ಪಗಾಗಿತ್ತು. ಅಲ್ಲಿಂದ ಮುಂದಕ್ಕೆ, ದೋಣಿ ನಿಂತಾಗ ಇಳಿಜಾರಾಗುವ ಕಡೆಗೆ, ಕಪ್ಪು ಬಾಲದಂತೆ ಹರಡಿತ್ತು. ಸ್ಕ್ರೂಗಳನ್ನು ನೀರು ಇಳಿಯದಂತೆ ಸಂದು ಮುಚ್ಚುವ ಸೀಲಂಟ್ ಒಂದು ಹನಿ ಕೂಡ ಇಲ್ಲದೆ ನೇರವಾಗಿ ಮರಕ್ಕೆ ಹೊಡೆದಿದ್ದರು. ಕೂತವರ ಭಾರಕ್ಕೆ ಸೀಟು ಅಲ್ಲಾಡಿದಂತೆಲ್ಲ ತೂತು ದೊಡ್ಡದಾಗಿ, ಪ್ರತಿ ಮಳೆಗೂ ನೀರು ಇಳಿದಿದೆ. ಎರಡನೆಯ ದಾರಿ ತಪಾಸಣೆಯ ಮುಚ್ಚಳದ ಬಾಯಿ. ಪ್ಲೈವುಡ್ಡಿನ ಕೊಯ್ದ ಅಂಚು ಬರಿದಾಗಿತ್ತು. ಪ್ಲೈವುಡ್ ಮೈಯಿಂದ ಹೀರುವುದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಅಂಚಿನಿಂದ ಎಳೆದುಕೊಳ್ಳುತ್ತದೆ. ಅಂದರೆ ಮೆತ್ತಗಿನ ಜಾಗಕ್ಕೂ ನೀರಿಳಿದ ಜಾಗಕ್ಕೂ ಅರ್ಧ ಮೀಟರಿನಷ್ಟು ದೂರ.

ಬಲಗಡೆಯ ಸ್ಟ್ರಿಂಗರಿನ ತಲೆಯನ್ನು ಉಳಿಯಿಂದ ಚುಚ್ಚಿದಾಗ 200 ಮಿ.ಮೀ. ಉದ್ದಕ್ಕೆ, 15 ಮಿ.ಮೀ. ಆಳಕ್ಕೆ ಮೆತ್ತಗಿತ್ತು. ಎತ್ತರದ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ ಕೆಟ್ಟಿದ್ದರೆ ತೇಪೆ ಹಾಕಬಹುದು, ಅದಕ್ಕೂ ಹೆಚ್ಚಾದರೆ ಆ ಉದ್ದವನ್ನೇ ಬದಲಿಸುವುದು ಲೇಸು ಎಂದು ನಮ್ಮ ಲೆಕ್ಕ. ಇದು ತೇಪೆಯ ಪೈಕಿ. ಆದರೆ ಒಣಗದೆ ಮುಟ್ಟುವಂತಿಲ್ಲ.

ಒಣಗಿಸುವುದರಲ್ಲೇ ಎಲ್ಲರ ತಾಳ್ಮೆ ಕೈಕೊಡುವುದು. ಹೀಟ್ ಗನ್ ಹಿಡಿದರೆ ಮೇಲ್ಮೈ ಬಿಸಿಯಾಗಿ ಒಣಗಿದಂತೆ ಕಾಣುತ್ತದೆ, ಒಳಗಿನ ತೇವ ಮರುದಿನ ಮೇಲೆ ಬರುತ್ತದೆ. ಸೂರಿನಡಿ ನಿಲ್ಲಿಸಿ, ಒಂದು ಫ್ಯಾನ್, ಗಾಳಿಯ ತೇವ ಎಳೆಯುವ ಒಂದು ಡಿಹ್ಯೂಮಿಡಿಫೈಯರ್ ಇಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ ಬಿಟ್ಟೆವು. ಸ್ಟ್ರಿಂಗರಿನಲ್ಲಿ ಮೊದಲ ದಿನ ಪಿನ್ ಮೀಟರ್ ಶೇ. 26 ತೋರಿಸಿತ್ತು, ಶೇ. 13ಕ್ಕೆ ಇಳಿಯಲು 11 ದಿನ ಬೇಕಾಯಿತು. ಶೇ. 15ರ ಒಳಗೆ ಬಾರದೆ ರೆಸಿನ್ ಮುಟ್ಟಬಾರದು. ತೇವವನ್ನು ಒಳಗಿಟ್ಟು ಎಪಾಕ್ಸಿ ಬಳಿದರೆ, ಹೊರಗಿನ ನೀರಿನಿಂದ ಕಾಪಾಡಬೇಕಾದ ಪದರವೇ ಒಳಗಿನ ನೀರನ್ನು ಕೂಡಿಹಾಕುತ್ತದೆ.

ಈ ಬಿಡುವಿನಲ್ಲಿ ಪ್ಲೈವುಡ್ ಆರಿಸಿದ್ದು. ಬಿಎಸ್ 1088 ಎಂಬ ಬ್ರಿಟಿಷ್ ಮಾನದಂಡದ ಗುರುತಿನ 12 ಮಿ.ಮೀ. ಮೆರೈನ್ ಪ್ಲೈ. ಮೆರೈನ್ ಪ್ಲೈ ಎಂದರೆ ಕೊಳೆಯದ ಪ್ಲೈ ಅಲ್ಲ. ಪದರಗಳ ನಡುವಿನ ಅಂಟು ನೀರಿಗೆ ಬಿಡುವುದಿಲ್ಲ, ಒಳಪದರಗಳಲ್ಲಿ ಪೊಳ್ಳು ಇರುವುದಿಲ್ಲ, ಅಷ್ಟೇ. ಒಳಗಿನ ಪೊಳ್ಳು ಯಾಕೆ ಮುಖ್ಯವೆಂದರೆ, ಒಂದು ಸ್ಕ್ರೂ ತೂತಿನಿಂದ ಇಳಿದ ನೀರು ಆ ಪೊಳ್ಳಿನೊಳಗೇ ಕಾಲುವೆಯಂತೆ ಓಡುತ್ತದೆ. ತಾಮ್ರದ ರಾಸಾಯನಿಕ ಕುಡಿಸಿದ ಪ್ಲೈ ಕೊಳೆಯದು ನಿಜ, ಆದರೆ ಸಾಮಾನ್ಯವಾಗಿ ಒದ್ದೆಯಾಗಿಯೇ ಮಾರಾಟಕ್ಕೆ ಬರುತ್ತದೆ, ಚೆನ್ನಾಗಿ ಒಣಗದೆ ರೆಸಿನ್ ಹಿಡಿಯದು. ಅಲ್ಯೂಮಿನಿಯಂ ದೋಣಿಗಂತೂ ಅದು ಬೇಡವೇ ಬೇಡ; ಒದ್ದೆಯಾದಾಗ ತಾಮ್ರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮರವೇ ಇಲ್ಲದ, ಗಾಜಿನ ನಾರು ಬೆರೆಸಿದ ಪಾಲಿಯುರೆಥೇನ್ ಹಲಗೆಗಳೂ ಇವೆ. ಕೊಳೆಯುವುದಿಲ್ಲ, ಹಗುರ; ಆದರೆ ಸ್ಕ್ರೂ ಹಿಡಿತ ಪ್ಲೈವುಡ್ಡಿನಷ್ಟಿಲ್ಲ, ಬೆಲೆಯೂ ಹೆಚ್ಚು. ಸೀಟು ಕೂರುವ ಜಾಗಕ್ಕೆ ನಾವು ಪ್ಲೈವುಡ್ಡನ್ನೇ ಆರಿಸಿದೆವು.

ರೆಸಿನ್ ವಿಷಯ. ದೋಣಿ ಕಟ್ಟಿದ್ದು ಪಾಲಿಯೆಸ್ಟರ್ ಎಂಬ ಬೇರೆ ಬಗೆಯ ರೆಸಿನಿನಿಂದ, ಆದರೂ ರಿಪೇರಿಗೆ ಎಪಾಕ್ಸಿ. ಗಟ್ಟಿಯಾದ ಹಳೆಯ ಪಾಲಿಯೆಸ್ಟರಿಗೂ ಮರಕ್ಕೂ ಎಪಾಕ್ಸಿ ಹಿಡಿದುಕೊಳ್ಳುವಷ್ಟು ಬಿಗಿಯಾಗಿ ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಒಮ್ಮೆ ಎಪಾಕ್ಸಿ ಹಚ್ಚಿದ ಮೇಲೆ ಅದರ ಮೇಲೆ ಪಾಲಿಯೆಸ್ಟರ್ ನೆಚ್ಚುವಂತಿಲ್ಲ, ಹಾಗಾಗಿ ಮೊದಲೇ ತೀರ್ಮಾನಿಸಬೇಕು. ರೆಸಿನ್ ಕುಡಿಸಿ ಹಚ್ಚುವ ಗಾಜಿನ ನಾರಿನ ಬಟ್ಟೆಯೂ ಅದಕ್ಕೆ ತಕ್ಕದ್ದಿರಬೇಕು. ಮಾಮೂಲಿ ಚಾಪ್ಡ್ ಸ್ಟ್ರಾಂಡ್ ಮ್ಯಾಟಿನ (ತುಂಡು ನಾರುಗಳ ಹಾಸು) ನಾರುಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರವದಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಮ್ಯಾಟ್ ಒರಟಾಗಿ ಎದ್ದು ನಿಲ್ಲುತ್ತದೆ. ಎಪಾಕ್ಸಿಗೆ ಎರಡು ದಿಕ್ಕಿನ ನಾರುಗಳನ್ನು ದಾರದಿಂದ ಹೊಲಿದ ಬೈಯಾಕ್ಸಿಯಲ್ ಬಟ್ಟೆ. ಇನ್ನೊಂದು ತಪ್ಪು ಪದೇ ಪದೇ ಆಗುತ್ತದೆ: ಪಾಲಿಯೆಸ್ಟರಿಗೆ ವೇಗವರ್ಧಕವನ್ನು ಶೇ. 1ರಿಂದ 2ರ ನಡುವೆ ಏರಿಸಿ ಇಳಿಸಿ ಬೇಗ ಅಥವಾ ತಡವಾಗಿ ಗಟ್ಟಿಯಾಗಿಸಬಹುದು. ಅದೇ ಅಭ್ಯಾಸದಲ್ಲಿ ಎಪಾಕ್ಸಿಗೆ ಅದರ ಎರಡನೆಯ ದ್ರವವಾದ ಹಾರ್ಡನರ್ ಜಾಸ್ತಿ ಸುರಿದರೆ ಬೇಗ ಗಟ್ಟಿಯಾಗುವುದಿಲ್ಲ, ಎಂದೆಂದಿಗೂ ಅಂಟಂಟಾಗಿ ಉಳಿಯುತ್ತದೆ. ಡಬ್ಬಿಯ ಮೇಲೆ 2:1 ಎಂದಿದ್ದರೆ 2:1. ಅದು ಅಳತೆಯ ಲೆಕ್ಕವೋ ತೂಕದ ಲೆಕ್ಕವೋ ಎಂದೂ ಓದಬೇಕು, ಎರಡೂ ಒಂದೇ ಅಲ್ಲ.

ಒಣಗಿದ ಸ್ಟ್ರಿಂಗರಿನ ಕೆಟ್ಟ ತಲೆಯನ್ನು ಉಳಿಯಿಂದ ಕೆತ್ತಿ, ಎರಡೂ ತುದಿಗೆ 1:8ರ ಇಳಿಜಾರು ಕೊಟ್ಟು, ಅದೇ ಆಕಾರದ ಮರದ ತುಂಡನ್ನು ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿಯಲ್ಲಿ ಕೂರಿಸಿದೆವು. ಮೇಲೆ ಎರಡು ಪದರ ಬೈಯಾಕ್ಸಿಯಲ್, ಪಕ್ಕಗಳಿಗೆ ಒಂದು 75, ಇನ್ನೊಂದು 50 ಮಿ.ಮೀ. ಇಳಿಯುವಂತೆ. ಬಟ್ಟೆ ಚೂಪು ಅಂಚಿನ ಮೇಲೆ ಕೂರುವುದಿಲ್ಲ, ಕೆಳಗೆ ಗಾಳಿ ಉಳಿಯುತ್ತದೆ. ಅಂಚನ್ನು ಮೊದಲು ಉಜ್ಜಿ ದುಂಡಗೆ ಮಾಡಬೇಕು.

ಆಮೇಲೆ ಫೋಮ್. 54 ಲೀಟರ್ ಫೋಮ್ ಸುಮಾರು 52 ಕೆ.ಜಿ. ತೇಲಿಸುತ್ತದೆ. ತೆಗೆದು ಹಾಗೇ ಮುಚ್ಚಿದರೆ ಆ ಆಸರೆ ಹೋಯಿತು. ಘನ ಮೀಟರಿಗೆ 32 ಕೆ.ಜಿ. ಸಾಂದ್ರತೆಯ, ಎರಡು ದ್ರವ ಬೆರೆಸುವ ಫೋಮಾದರೆ 1.7 ಕೆ.ಜಿ. ಲೆಕ್ಕಕ್ಕೆ, ಚೆಲ್ಲಿದ್ದು ಉಳಿದದ್ದು ಸೇರಿ 2 ಕೆ.ಜಿ. ಬೇಕು. ನೆಲ ಮುಚ್ಚಿ ಸಣ್ಣ ತೂತಿನಿಂದ ಸುರಿಯುವವರಿದ್ದಾರೆ, ನಮಗದು ಒಪ್ಪಿಗೆಯಿಲ್ಲ: ಉಬ್ಬುವ ಫೋಮಿಗೆ ದಾರಿ ಸಿಗದಿದ್ದರೆ ಹೊಸ ನೆಲವನ್ನೇ ಎತ್ತಿಬಿಡುತ್ತದೆ. ತೆರೆದಿರುವಾಗಲೇ ಮೂರು ಸಲಕ್ಕೆ ಹಂಚಿ ಸುರಿದು, ಮೇಲೆ ಉಬ್ಬಿದ್ದನ್ನು ಗರಗಸದಿಂದ ಸಮ ಕೊಯ್ದೆವು. ಸುರಿಯುವ ಮುನ್ನ ತಳದ ನಡುಗೆರೆಯಲ್ಲಿ 50 ಮಿ.ಮೀ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಬೋರಲು ಹಾಕಬೇಕು. ಅದಿಲ್ಲದಿದ್ದರೆ ಮುಂದಿನಿಂದ ಬಂದ ನೀರು ಹಿಂದಿನ ಗುಂಡಿಗೆ ಹರಿಯಲು ದಾರಿಯೇ ಇರುವುದಿಲ್ಲ. ಹಳೆಯ ಫೋಮ್ ಒದ್ದೆಯಾಗಲು ಅರ್ಧ ಕಾರಣ ಅದೇ ಆಗಿತ್ತು.

ಹೊಸ ಹಲಗೆಗೆ ರಟ್ಟಿನ ಅಚ್ಚು ಮಾಡಿ, ಸುತ್ತ 3 ಮಿ.ಮೀ. ಸಡಿಲ ಬಿಟ್ಟು ಕೊಯ್ದೆವು. ಸ್ಟ್ರಿಂಗರ್ ಇಲ್ಲದ ಮೂರು ಅಂಚುಗಳಿಗೆ 80 ಮಿ.ಮೀ. ಅಗಲದ ಪ್ಲೈವುಡ್ ಪಟ್ಟಿಗಳನ್ನು ಅರ್ಧ ಹಳೆಯ ನೆಲದಡಿಗೆ, ಅರ್ಧ ಹೊರಕ್ಕೆ ಚಾಚಿ ಅಂಟಿಸಿದ್ದಾಯಿತು. ಹೊಸ ಹಲಗೆ ಕೂರುವುದು ಆ ಚಾಚಿನ ಮೇಲೆ. ಇಲ್ಲೊಂದು ಗುಟ್ಟಿದೆ. ಹಲಗೆಯ ಕೆಳಮೈಗೆ ಬಟ್ಟೆ ಹಚ್ಚಿದ ಮೇಲೆ, ಅಂಟಿನ ಪದರವೂ ಸೇರಿ, ಅದು 1ರಿಂದ 2 ಮಿ.ಮೀ. ಮೇಲೇಳುತ್ತದೆ. ಮೇಲೇಳುವಷ್ಟನ್ನು ಮೊದಲೇ ಕಳೆಯದಿದ್ದರೆ ಸುತ್ತ ಮೆಟ್ಟಿಲು ಬಿದ್ದು, ಅದನ್ನು ಮುಚ್ಚಲು ಮಣಗಟ್ಟಲೆ ಪುಟ್ಟಿ ಹಾಕಬೇಕಾಗುತ್ತದೆ. ಸ್ಟ್ರಿಂಗರ್ ತಲೆಯ ಹಳೆಯ ಪುಟ್ಟಿಯನ್ನು ಪೂರ್ತಿ ಕೆರೆದು, ಪಟ್ಟಿಗಳನ್ನು 2 ಮಿ.ಮೀ. ತೆಳುಚೂರು ಇಟ್ಟು ಕೆಳಗೆ ಕೂರಿಸಿದ್ದರಿಂದ ಹೊಸ ಪ್ಲೈ ಹಳೆಯ ಪ್ಲೈ ಮಟ್ಟಕ್ಕೇ ಬಂತು. ಮೇಲೆ ಬರುವ ಬಟ್ಟೆಯ ದಪ್ಪ ಹಳೆಯ 2 ಮಿ.ಮೀ. ಫೈಬರಿನ ಜಾಗ ತುಂಬುತ್ತದೆ.

ಹಲಗೆಯ ಕೆಳಮೈಗೆ ಎರಡು ಕೈ ಎಪಾಕ್ಸಿ, ಮೇಲೆ ಚದರ ಮೀಟರಿಗೆ 300 ಗ್ರಾಂ ತೂಕದ ನೇಯ್ದ ಬಟ್ಟೆ ಒಂದು ಪದರ. ಅಂಚುಗಳಿಗೆ ಮೂರು ಕೈ. ಮೊದಲನೆಯದನ್ನು ಅಂಚು ಕ್ಷಣಾರ್ಧದಲ್ಲಿ ಕುಡಿದುಬಿಡುತ್ತದೆ, ಅದು ಹೊಳಪಿಲ್ಲದೆ ಕಂಡರೆ ಇನ್ನೂ ಹಸಿವಿದೆ ಎಂದರ್ಥ. ಬೆಳಗಿನ ತಂಪಿನಲ್ಲಿ ಬಳಿದರೆ ಹೊತ್ತೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಹೊರಬರುತ್ತದೆ. ಇಳಿಹೊತ್ತಿನಲ್ಲಿ, ಬಿಸಿ ತಗ್ಗುತ್ತಿರುವಾಗ ಬಳಿದರೆ ಗಾಳಿ ಕುಗ್ಗಿ ರೆಸಿನನ್ನೇ ಒಳಗೆಳೆದುಕೊಳ್ಳುತ್ತದೆ. ಒಂದು ಸಲಕ್ಕೆ 200 ಗ್ರಾಂಗಿಂತ ಹೆಚ್ಚು ಕಲಸಬಾರದು. ಕಲಸಿದ್ದನ್ನು ಲೋಟದಲ್ಲೇ ಬಿಡದೆ ಅಗಲ ತಟ್ಟೆಗೆ ಸುರಿದುಕೊಳ್ಳಬೇಕು. ಲೋಟದಲ್ಲಿ ಶಾಖ ಕೂಡಿಕೊಂಡು ಹೊಗೆಯೇಳುತ್ತದೆ, ಪ್ಲಾಸ್ಟಿಕ್ ಲೋಟ ಕರಗಿದ್ದೂ ಉಂಟು.

ಕೂರಿಸುವ ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ ಗೋಡೆಗೆ ಹಚ್ಚುವ ಪುಟ್ಟಿಯ ಹದಕ್ಕೆ ತರಬೇಕು. ಮೊದಲು ಮರಕ್ಕೆ ಬರಿ ಎಪಾಕ್ಸಿ ಒಂದು ಕೈ, ಆಮೇಲೆ ಪುಟ್ಟಿ. ನೇರವಾಗಿ ಪುಟ್ಟಿ ಹಚ್ಚಿದರೆ ಅದರಲ್ಲಿನ ರೆಸಿನನ್ನು ಮರ ಹೀರಿ, ಕೂಡುಸಂದು ಬರಡಾಗುತ್ತದೆ. ಹಲಗೆ ಇಟ್ಟು, 200 ಮಿ.ಮೀ. ಅಂತರಕ್ಕೆ ವಾಷರ್ ಹಾಕಿದ ತಾತ್ಕಾಲಿಕ ಸ್ಕ್ರೂಗಳಿಂದ ಎಳೆದೆವು. ಸುತ್ತಲೂ ಪುಟ್ಟಿ ಒಸರಿದರೆ ಸರಿ, ಒಸರದ ಕಡೆ ಒಳಗೆ ಪೊಳ್ಳಿದೆ. ಮರುದಿನ ಎಲ್ಲ ಸ್ಕ್ರೂ ಹೊರಗೆ. ಎಪಾಕ್ಸಿಯಲ್ಲಿ ಕಚ್ಚಿಕೊಂಡದ್ದರ ತಲೆಗೆ ಬಿಸಿಯಾದ ಸೋಲ್ಡರಿಂಗ್ ಐರನ್ನನ್ನು ಅರ್ಧ ನಿಮಿಷ ಮುಟ್ಟಿಸಿದರೆ ಬಿಟ್ಟುಕೊಡುತ್ತದೆ. ಆ ತೂತುಗಳನ್ನೂ ತುಂಬಿದೆವು.

ತೆರಪಿನ ಸುತ್ತ ಹಳೆಯ ಫೈಬರನ್ನು ಗ್ರೈಂಡರಿನಿಂದ 75 ಮಿ.ಮೀ. ಅಗಲಕ್ಕೆ ಇಳಿಜಾರಾಗಿ ಉಜ್ಜಬೇಕು. 2 ಮಿ.ಮೀ. ದಪ್ಪಕ್ಕೆ 1:12ರಂತೆ 24 ಮಿ.ಮೀ. ಸಾಲುತ್ತಿತ್ತು, ಆದರೆ ಹಳೆಯ ರೆಸಿನ್ ಮೇಲೆ ಹಿಡಿತದ ಜಾಗ ಹೆಚ್ಚಿದ್ದಷ್ಟೂ ನೆಮ್ಮದಿ. ಉಜ್ಜುವ ಮೊದಲು ಅಸಿಟೋನಿನಿಂದ ಒರೆಸಬೇಕು. ಮೊದಲು ಉಜ್ಜಿದರೆ ಹಳೆಯ ಮೇಣ, ಎಣ್ಣೆ ಗೀರುಗಳೊಳಗೆ ಸೇರಿಕೊಳ್ಳುತ್ತದೆ. ಚದರ ಮೀಟರಿಗೆ 600 ಗ್ರಾಂ ತೂಗುವ ಬೈಯಾಕ್ಸಿಯಲ್ ಎರಡು ತುಂಡು: ಮೊದಲು 1050 × 750, ಅದರ ಮೇಲೆ 1000 × 700. ದೊಡ್ಡದು ಮೊದಲು ಹೋದರೆ ಆಮೇಲೆ ಸಮ ಮಾಡಲು ಉಜ್ಜುವಾಗ ಸವೆಯುವುದು ಮೇಲಿನ ಚಿಕ್ಕದರ ಅಂಚು, ಹಳೆಯ ಮೈಯನ್ನು ಹಿಡಿದ ಪದರಕ್ಕೆ ಏಟಿಲ್ಲ. ಬಟ್ಟೆಯ ತೂಕ ಸುಮಾರು 900 ಗ್ರಾಂ, ಅದಕ್ಕೆ ಅಷ್ಟೇ ತೂಕದ ಎಪಾಕ್ಸಿ. ಬಿಳಿಯಾಗಿ ಉಳಿದ ಕಡೆ ಒಣಗಿದೆ, ಹೊಳೆಹೊಳೆವ ಕಡೆ ಹೆಚ್ಚಾಗಿದೆ. ಎರಡೂ ಅಲ್ಲದೆ, ನೇಯ್ಗೆ ಕಾಣುವಂತೆ ಪಾರದರ್ಶಕವಾಗಿದ್ದರೆ ಹದ. ಗಾಳಿ ತೆಗೆಯುವ ಹಲ್ಲಿನ ರೋಲರನ್ನು ನಡುವಿನಿಂದ ಹೊರಕ್ಕೆ ಓಡಿಸಬೇಕು. ಸ್ಟ್ರಿಂಗರ್, ಪಟ್ಟಿ, ಪುಟ್ಟಿ, ಸೀಲಿಂಗ್ ಎಲ್ಲ ಸೇರಿ ಖರ್ಚಾದ ಎಪಾಕ್ಸಿ 3.5 ಕೆ.ಜಿ.

ಗಟ್ಟಿಯಾದ ಎಪಾಕ್ಸಿಯ ಮೇಲೆ ಜಿಡ್ಡಿನಂಥ ತೆಳು ಪೊರೆ ಬರುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಇನ್ನೂ ಹೆಚ್ಚು. ಅದನ್ನು ಅಸಿಟೋನಿನಿಂದ ಅಲ್ಲ, ಬರಿ ನೀರು ಹಾಕಿ ಹಸಿರು ಪ್ಯಾಡಿನಿಂದ ತೊಳೆದ ಮೇಲೆಯೇ ಮರಳುಕಾಗದ ಹಿಡಿಯಬೇಕು. ಬಣ್ಣ ಸುಲಿದು ಬರುವ ಎಷ್ಟೋ ದೂರುಗಳಿಗೆ ಈ ಪೊರೆಯೇ ಕಾರಣ. ಮೇಲೆ ಎರಡು ಭಾಗದ ಪಾಲಿಯುರೆಥೇನ್ ಬಣ್ಣ, ಜಾರದ ಪುಡಿ ಉದುರಿಸಿ. ಕಾರ್ಪೆಟ್ ಮತ್ತೆ ಅಂಟಿಸಲಿಲ್ಲ.

ಸೀಟಿನ ನಾಲ್ಕು ತೂತುಗಳಿಗೆ ಅರ್ಧ ದಿನ ಹೋಯಿತು. 6 ಮಿ.ಮೀ. ಸ್ಕ್ರೂ ಬರುವ ಕಡೆ 14 ಮಿ.ಮೀ. ತೂತನ್ನು ಮೇಲಿನ ಫೈಬರ್ ಮತ್ತು ಮರ ದಾಟಿ, ಕೆಳಗಿನ ಬಟ್ಟೆಗೆ ತಾಗದಂತೆ ಕೊರೆದು, ಒಳಗೆ ಬರಿ ಎಪಾಕ್ಸಿ ಬಳಿದು, ಸಿಲಿಕಾ ಬೆರೆಸಿದ್ದನ್ನು ತುಂಬಿದೆವು. ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂ ಅಳತೆಯ ತೂತು. ಇನ್ನು ಸ್ಕ್ರೂ ಸುತ್ತ ನೀರು ಇಳಿದರೂ ಅದಕ್ಕೆ ಸಿಗುವುದು ಎಪಾಕ್ಸಿಯ ಗೋಡೆ, ಮರವಲ್ಲ. ತೂತಿನ ಬಾಯನ್ನು ಒಂದಿಷ್ಟು ಅಗಲಿಸಿ, ಅಲ್ಲಿ ಪಾಲಿಯುರೆಥೇನ್ ಸೀಲಂಟ್ ನಿಲ್ಲುವಂತೆ ಮಾಡಿ, 316 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂಗಳನ್ನು ಮೊದಲ ದಿನ ಕೈಬಿಗಿಯಷ್ಟೇ ತಿರುಗಿಸಿ, ಸೀಲಂಟ್ ರಬ್ಬರಿನಂತಾದ ಮೇಲೆ ಕೊನೆಯ ಅರ್ಧ ಸುತ್ತು ಕೊಟ್ಟೆವು. ಒಮ್ಮೆಲೇ ಬಿಗಿದರೆ ಸೀಲಂಟ್ ಪೂರ್ತಿ ಹೊರಗೆ ಹಿಂಡಿಹೋಗುತ್ತದೆ. ಸಿಲಿಕೋನ್ ಸೀಲಂಟ್ ಮಾತ್ರ ಹತ್ತಿರ ತರಬಾರದು, ಅದು ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ರೆಸಿನೂ ಹಿಡಿಯದು. ತಪಾಸಣೆಯ ಬಾಯಿಯ ಬರಿ ಅಂಚಿಗೂ ಮೂರು ಕೈ ಎಪಾಕ್ಸಿ ಬಿತ್ತು, ಬಲಬದಿಯ ಸೀಟಿನ ಸ್ಕ್ರೂಗಳಿಗೂ ಇದೇ ಉಪಚಾರ ಆಯಿತು. ಅವುಗಳಲ್ಲಿ ಒಂದನ್ನು ಬಿಚ್ಚಿದಾಗ ತುದಿಯಲ್ಲಿ ಆಗಲೇ ಕಂದು ಹಿಟ್ಟು ಮೆತ್ತಿಕೊಂಡಿತ್ತು.

ಎಪಾಕ್ಸಿ ಪೂರ್ತಿ ಬಲಗೊಳ್ಳಲು ಒಂದು ವಾರ ಬಿಟ್ಟು, ನೆಲದ ಮೇಲೆ ಸೀಟಿನ ಸುತ್ತ ಜೇಡಿಮಣ್ಣಿನಿಂದ ಕಟ್ಟೆ ಕಟ್ಟಿ, ಬಣ್ಣ ಕಲಸಿದ ನೀರನ್ನು 20 ಮಿ.ಮೀ. ನಿಲ್ಲಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ತಪಾಸಣೆಯ ಬಾಯಿಯಿಂದ ಟಾರ್ಚ್ ಬಿಟ್ಟು, ತಳದ ಪೈಪಿನಡಿ ಹಾಸಿದ್ದ ಬಿಳಿ ಕಾಗದವನ್ನು ಹೊರಗೆಳೆದು ನೋಡಿದಾಗ ಅದು ಒಣಗಿತ್ತು.